ರೊಟ್ಟಿ ಅಕ್ಕನ ಒಕ್ಕಲುತನ

ವಾರದ ಐದು ದಿನ ಒಂಬತ್ತರ ಮೀಟಿಂಗಿಗೆ ಎಂಟೂ ಐವತ್ತಕ್ಕೆ ಏಳುವ ನಾನು, ಭಾನುವಾರ ಮಾತ್ರ ಯಾರೂ ಎಬ್ಬಿಸದೆ ಆರೂವರೆಗೆ ಎದ್ದು ಕೂರುತ್ತೇನೆ. ಹೆಂಡತಿಗೆ ಇದೊಂದು ತಮಾಷೆ. ಕಾರಣ ದೊಡ್ಡದೇನಲ್ಲ. ಪುಣೆಯಲ್ಲಿ ನಾವಿರುವ ಸೊಸೈಟಿಯ ಪಕ್ಕದ ಖಾಲಿ ಜಾಗದಲ್ಲಿ ಅಂದು ರೈತರ ವಾರದ ಸಂತೆ. ಇಲ್ಲಿಯವರು ‘ಶೇತಕರಿ ಆಠವಡೆ ಬಾಜಾರ್’ ಎನ್ನುತ್ತಾರೆ. ಎಂಟು ಗಂಟೆ ದಾಟಿ ಹೋದರೆ ಒಳ್ಳೆಯ ಮೆಂತ್ಯ ಸಿಗುವುದಿಲ್ಲ, ರೊಟ್ಟಿ ಅಕ್ಕನ ಮುಂದೆ ಇಪ್ಪತ್ತು ಜನರ ಸಾಲು ನಿಂತಿರುತ್ತದೆ. ನಿಂತಿರುತ್ತಿತ್ತು ಎನ್ನಬೇಕು. ಆ ಸಾಲಿನಿಂದ ಹುಟ್ಟಿದ ಜಗಳವೇ ಈ ಸಲದ ಅಂಕಣ.

ಮೊದಲು ನಮ್ಮ ಸಂತೆಯ ಪರಿಚಯ ಮಾಡಿಕೊಡುತ್ತೇನೆ. ಒಟ್ಟು ಇಪ್ಪತ್ತಾರು ಅಂಗಡಿಗಳು. ಅಂಗಡಿ ಎಂದರೆ ಒಂದು ಮೇಜು, ಮೇಲೊಂದು ಹಸಿರು ಬಟ್ಟೆಯ ಚಪ್ಪರ, ಒಂದು ತಕ್ಕಡಿ, ಅಷ್ಟೆ. ಜುನ್ನರ್ ಕಡೆಯ ಟೊಮೆಟೊ, ಪುರಂದರ ತಾಲ್ಲೂಕಿನ ಅಂಜೂರ ಮತ್ತು ಸೊಪ್ಪು, ಮಾವಳದ ಇಂದ್ರಾಯಣಿ ಅಕ್ಕಿ, ಚಳಿಗಾಲ ಬಂತೆಂದರೆ ಮಹಾಬಳೇಶ್ವರದ ಸ್ಟ್ರಾಬೆರಿ. ಜಾಗ ಸೊಸೈಟಿಯದ್ದು, ಮಾಲು ರೈತರದ್ದು. ಹಾಗಾಗಿ ನಡೆಸಲು ಐದು ಜನರ ಒಂದು ಸಮಿತಿ ಇದೆ. ಮೂವರು ರೈತರು, ಇಬ್ಬರು ಸೊಸೈಟಿಯವರು. ಒಬ್ಬರು ನಮ್ಮ ಕಾರ್ಯದರ್ಶಿ, ಇನ್ನೊಬ್ಬ ನಾನು. ‘ನೀವು ಐಟಿಯವರು, ಲೆಕ್ಕಪಟ್ಟಿ ನೋಡಿಕೊಳ್ಳಿ’ ಎಂದು ನನ್ನನ್ನು ಸೇರಿಸಿಕೊಂಡರು. ಎಂ.ಟೆಕ್ ಮಾಡಿದ್ದಕ್ಕೆ ಸಿಕ್ಕ ಮೊದಲ ಸಾರ್ವಜನಿಕ ಗೌರವ ಇದೇ ಇರಬೇಕು.

ಸಂತೆಯ ಆ ತುದಿಯಲ್ಲಿ, ಸೊಪ್ಪಿನ ಮಾವಶಿಯ ಮೇಜಿನ ಪಕ್ಕ, ಎರಡು ಒಲೆ ಹಚ್ಚಿಕೊಂಡು ಕೂರುತ್ತಿದ್ದವರು ರೊಟ್ಟಿ ಅಕ್ಕ. ಒಂದು ಒಲೆಯ ಮೇಲೆ ಕಬ್ಬಿಣದ ಹಂಚು, ಇನ್ನೊಂದರ ಮೇಲೆ ಝುಣಕದ ಪಾತ್ರೆ. ಪರಾತದಲ್ಲಿ ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟು. ಅಂಗೈಯಲ್ಲಿ ಉಂಡೆ ಮಾಡಿ, ಹಿಟ್ಟು ಉದುರಿಸಿ ಪಟಪಟ ಬಡಿದು, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ಮೇಲ್ಮೈ ಸವರಿ, ತಿರುವಿ, ಕೊನೆಗೆ ಉರಿಗೆ ಹಿಡಿದರೆ ರೊಟ್ಟಿ ಪೂರಿಯ ಹಾಗೆ ಉಬ್ಬುತ್ತಿತ್ತು. ಜೊತೆಗೆ ಶೇಂಗಾ ಹಿಂಡಿ, ಒಂದು ಹಸಿಮೆಣಸಿನಕಾಯಿ, ಕೊಯ್ದ ಈರುಳ್ಳಿ. ಎರಡು ರೊಟ್ಟಿ, ಝುಣಕಕ್ಕೆ ಅರವತ್ತು ರೂಪಾಯಿ. ನಾನು ಅರಸೀಕೆರೆ ತಾಲ್ಲೂಕಿನವನು, ಮುದ್ದೆ ಉಂಡು ಬೆಳೆದವನು. ಜೋಳದ ರೊಟ್ಟಿಯನ್ನು ಮುರಿದು ತಿನ್ನುವುದನ್ನು ಕಲಿತದ್ದು ಪುಣೆಯ ಈ ಸಂತೆಯಲ್ಲಿ.

ಅವರು ಕನ್ನಡದವರು ಎಂದು ಗೊತ್ತಾದದ್ದು ಮಗಳನ್ನು ಗದರಿಸಿದಾಗ. ‘ಏ, ನೀರು ತಗೊಂಡ್ ಬಾ ಲಗೂನ, ಹಿಟ್ಟು ಒಣಗಾಕತ್ತದ!’ ಪರಸ್ಥಳದಲ್ಲಿ ಕನ್ನಡ ಕಿವಿಗೆ ಬಿದ್ದಾಗ ಏನಾಗುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಸಾಲು ಬಿಟ್ಟು ಮುಂದೆ ಹೋಗಿ ‘ನೀವು ಕನ್ನಡದವರಾ ಅಕ್ಕಾ?’ ಎಂದೆ.

‘ಹೌದ್ರೀ. ನಿಮ್ದು ಯಾವೂರ್ರಿ?’

‘ಅರಸೀಕೆರೆ ಹತ್ತಿರ. ಹಾಸನ ಜಿಲ್ಲೆ.’

‘ಅಂದ್ರ ಬೆಂಗಳೂರ ಕಡೆ. ಹಂಗಾದ್ರ ನೀವು ಹೊರಗಿನೋರ್ರಿ ಅಣ್ಣಾರ. ನಾವು ಇಲ್ಲೀದೋರ.’

ನಾನು ಪೆಚ್ಚಾಗಿ ನಕ್ಕೆ. ಅವರು ಹೇಳಿದ್ದು ನಿಜವೇ ಆಗಿತ್ತು. ಅವರ ಊರು ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿದೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕನ್ನಡ ಮನೆಮಾತಿನ ಎಷ್ಟೋ ಹಳ್ಳಿಗಳು ಆಚೆ ಉಳಿದವು, ಅಂಥ ಊರುಗಳಲ್ಲಿ ಅದೂ ಒಂದು. ಅಕ್ಕ ಓದಿದ್ದು ಮಹಾರಾಷ್ಟ್ರದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ಮಹಾರಾಷ್ಟ್ರದ ಬಾಲಭಾರತಿ ಅಚ್ಚು ಮಾಡಿದ ಕನ್ನಡ ಪುಸ್ತಕದಲ್ಲಿ. ಆಧಾರ್, ರೇಷನ್ ಕಾರ್ಡು, ಓಟು ಎಲ್ಲವೂ ಇಲ್ಲಿಯದೇ. ಗಂಡ ಪುಣೆಯಲ್ಲಿ ಡ್ರೈವರ್. ಊರಲ್ಲಿ ಮಾವನ ಹೆಸರಿನಲ್ಲಿ ನಾಲ್ಕು ಎಕರೆ ಕಪ್ಪು ನೆಲ, ಬಿಳಿಜೋಳ. ಬಿತ್ತನೆಗೆ ಮತ್ತು ಕೊಯ್ಲಿಗೆ ಅಕ್ಕ ಊರಿಗೆ ಹೋಗುತ್ತಾರೆ. ಅದೇ ಜೋಳ ಹಿಟ್ಟಾಗಿ ತಿಂಗಳಿಗೊಮ್ಮೆ ಎಸ್ಟಿ ಬಸ್ಸಿನಲ್ಲಿ ಪುಣೆಗೆ ಬರುತ್ತದೆ.

ಆ ಭಾಗದ ಹಿಂಗಾರಿ ಜೋಳಕ್ಕೆ ‘ಮಾಲದಂಡಿ’ ಎಂಬ ಹೆಸರಿದೆ. ಕೃಷಿ ಇಲಾಖೆಯ ಭಾಷೆಯಲ್ಲಿ ಎಂ 35-1. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದರೆ, ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಚಳಿಗಾಲ ಪೂರ್ತಿ ಬೆಳೆದು ಫೆಬ್ರವರಿ-ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ರೊಟ್ಟಿಗೆ ಅದರಷ್ಟು ಒಳ್ಳೆಯ ಜೋಳ ಇಲ್ಲ ಎಂದು ಅಕ್ಕ ಹೇಳುತ್ತಿದ್ದರು. ಕಾಳು ಎಳೆಯದಿದ್ದಾಗ ಸುಟ್ಟು ತಿನ್ನುವ ಸೀತೆನಿಯೂ ಅದೇ. ಅದನ್ನೇ ‘ಹುರಡಾ ಪಾರ್ಟಿ’ ಎಂದು ಪುಣೆಯವರು ಡಿಸೆಂಬರಿನಲ್ಲಿ ದುಡ್ಡು ಕೊಟ್ಟು ಹೊಲಕ್ಕೆ ಹೋಗಿ ತಿಂದು ಬರುತ್ತಾರೆ.

ಇಷ್ಟು ಚೆನ್ನಾಗಿದ್ದರೆ ಜಗಳ ಏಕೆ ಬಂತು? ರೊಟ್ಟಿ ಚೆನ್ನಾಗಿದ್ದದ್ದರಿಂದಲೇ ಬಂತು.

ಅಕ್ಕ ಸಂತೆಗೆ ಬಂದದ್ದು ಗಿರಾಕಿಗಳಿಗಾಗಿ ಅಲ್ಲ. ನಾಲ್ಕು ವರ್ಷದ ಹಿಂದೆ, ಬೆಳಗಿನ ಜಾವ ಎರಡಕ್ಕೆ ಎದ್ದು ಟೆಂಪೋ ಹತ್ತಿ ಬರುವ ರೈತರಿಗೆ ಹೊಟ್ಟೆಗೇನಾದರೂ ಬೇಕು ಎಂದು ಟೊಮೆಟೊದವರೇ ಅವರನ್ನು ಕರೆತಂದರು. ಮೊದಲ ವರ್ಷ ಅವರ ಹತ್ತಿರ ತಿನ್ನುತ್ತಿದ್ದವರು ಮಾರುವವರೇ. ಆಮೇಲೆ ಕೊಳ್ಳುವವರಿಗೆ ವಾಸನೆ ಹತ್ತಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿದ ಮೇಲಂತೂ, ಅದುವರೆಗೆ ಭಾಕರಿಯನ್ನು ಹಳ್ಳಿಯವರ ಊಟ ಎನ್ನುತ್ತಿದ್ದ ನಮ್ಮ ಸೊಸೈಟಿಯವರು ‘ಗ್ಲೂಟನ್ ಇಲ್ಲ’ ಎಂದು ಸಾಲು ನಿಂತರು. ಪಕ್ಕದ ಸೊಸೈಟಿಯವರು ಬಂದರು. ಸೈಕಲ್ ಹೊಡೆಯುವ ಗುಂಪುಗಳು ಬಂದವು. ಸಾಲು ಬೆಳೆದು ಸೊಪ್ಪಿನ ಮಾವಶಿಯ ಮೇಜಿಗೆ ಅಡ್ಡ ನಿಂತಿತು.

ಸೊಪ್ಪಿನ ಮಾವಶಿ ಪುರಂದರದವರು. ಅವರ ದೂರನ್ನು ನಾನು ಮೊದಲು ಹಗುರವಾಗಿ ತೆಗೆದುಕೊಂಡೆ. ಒಂದು ಭಾನುವಾರ ಅವರು ನನ್ನನ್ನು ಕೈಹಿಡಿದು ತಮ್ಮ ಮೇಜಿನ ಹಿಂದೆ ನಿಲ್ಲಿಸಿಕೊಂಡರು. ‘ಇಲ್ಲಿ ನಿಂತು ನೋಡು’ ಎಂದರು. ನೋಡಿದೆ. ಎದುರಿಗೆ ಬರೀ ಬೆನ್ನುಗಳು. ಸೊಪ್ಪು ಯಾರ ಕಣ್ಣಿಗೂ ಬೀಳುವ ಹಾಗಿಲ್ಲ. ಹಂಚಿನ ಬಿಸಿಗಾಳಿ ನೇರವಾಗಿ ಕೊತ್ತಂಬರಿ ಕಟ್ಟಿನ ಮೇಲೆ. ‘ಟೊಮೆಟೊ ನಾಳೆಯೂ ಮಾರಬಹುದು. ಸೊಪ್ಪು ಹತ್ತು ಗಂಟೆಗೆ ಹೋಗಲಿಲ್ಲ ಅಂದರೆ ದನಕ್ಕೆ’ ಎಂದರು ಮರಾಠಿಯಲ್ಲಿ. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಬರೀ ಲೆಕ್ಕ ಇತ್ತು.

ದೂರು ಸಮಿತಿಗೆ ಬರುವಷ್ಟರಲ್ಲಿ ಅದರ ರೂಪವೇ ಬದಲಾಗಿತ್ತು. ‘ಸಾಲು ಅಡ್ಡ ಬರುತ್ತದೆ’ ಎಂದು ಶುರುವಾದದ್ದು ‘ಇದು ರೈತರ ಸಂತೆಯೋ, ಖಾವು ಗಲ್ಲಿಯೋ?’ ಎಂದಾಯಿತು. ತಿಂದವರು ಎಲೆ, ಕಾಗದ ಅಲ್ಲೇ ಬಿಸಾಡುತ್ತಾರೆ ಎಂದು ಒಬ್ಬರು. ಜನದಟ್ಟಣೆಯ ನಡುವೆ ಗ್ಯಾಸ್ ಸಿಲಿಂಡರ್ ಇಡುವುದು ಅಪಾಯ ಎಂದು ಇನ್ನೊಬ್ಬರು. ಇವೆಲ್ಲ ನ್ಯಾಯವಾದ ಮಾತುಗಳೇ. ಇನ್ನೊಂದು ಕಡೆ, ಆ ರೊಟ್ಟಿಗಾಗಿಯೇ ಅಷ್ಟು ದೂರದಿಂದ ಜನ ಬರುತ್ತಾರೆ, ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ ಎಂಬ ವಾದ. ಲಿಫ್ಟಿನಲ್ಲಿ, ಪಾರ್ಕಿಂಗಿನಲ್ಲಿ, ಮಕ್ಕಳ ಈಜಿನ ತರಗತಿಯ ಹೊರಗೆ ಎಲ್ಲೆಲ್ಲೂ ಇದೇ ಮಾತು. ಎರಡು ಪಕ್ಷವಾಯಿತು. ಎರಡೂ ಪಕ್ಷದವರು ಭಾನುವಾರ ಒಂದೇ ಸಾಲಿನಲ್ಲಿ ನಿಂತು ರೊಟ್ಟಿ ತಿನ್ನುತ್ತಿದ್ದರು ಎನ್ನುವುದು ಬೇರೆ ಮಾತು.

ಕೊನೆಗೆ ಎಲ್ಲವೂ ಒಂದು ಪ್ರಶ್ನೆಗೆ ಬಂದು ನಿಂತಿತು: ಆಕೆ ರೈತಳೇ?

ಈ ಪ್ರಶ್ನೆಯನ್ನು ಮೂರ್ಖತನ ಎನ್ನುವಂತಿಲ್ಲ. ರೈತರ ಸಂತೆಯ ಇತಿಹಾಸವೇ ‘ರೈತರು ಮಾತ್ರ’ ಎಂಬ ನಿಯಮದ ಮೇಲೆ ನಿಂತಿದೆ. ಮಹಾರಾಷ್ಟ್ರದಲ್ಲಿ 1963ರ ಮಾರುಕಟ್ಟೆ ಕಾಯ್ದೆಯ ಪ್ರಕಾರ ಕೃಷಿ ಮಾಲಿನ ಸಗಟು ವ್ಯಾಪಾರ ಎಪಿಎಂಸಿ ಯಾರ್ಡಿನಲ್ಲೇ ಆಗಬೇಕಿತ್ತು. ಹಣ್ಣು ತರಕಾರಿಯನ್ನು ಆ ಕಟ್ಟಿನಿಂದ ಬಿಡಿಸಿದ್ದು 2016ರಲ್ಲಿ. ನಗರಗಳಲ್ಲಿ ಇಂಥ ವಾರದ ಸಂತೆಗಳು ಹೆಚ್ಚಿದ್ದೂ ಆಗಲೇ. ಬೇರೆ ರಾಜ್ಯಗಳು ಅದಕ್ಕೂ ಮೊದಲೇ ಬೇರೆ ಬೇರೆ ದಾರಿ ಹುಡುಕಿದ್ದವು. ಪಂಜಾಬಿನ ಅಪ್ನಿ ಮಂಡಿ 1987ರದ್ದು. 1999ರ ಜನವರಿಯಲ್ಲಿ ಅಂದಿನ ಆಂಧ್ರದಲ್ಲಿ ರೈತು ಬಜಾರ್ ಶುರುವಾಯಿತು, ಅದೇ ವರ್ಷ ತಮಿಳುನಾಡಿನಲ್ಲಿ ಉಳವರ್ ಸಂದೈ. ಹೈದರಾಬಾದಿನ ಓದುಗರಿಗೆ ಗೊತ್ತಿರುತ್ತದೆ, ಅಲ್ಲಿ ಮಾರಲು ರೈತನಿಗೆ ಗುರುತಿನ ಚೀಟಿ ಬೇಕು, ಅಂದಿನ ದರವನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಈ ಬಿಗಿ ಇಲ್ಲದಿದ್ದರೆ ದಲ್ಲಾಳಿ ಯಾರ್ಡಿನಲ್ಲಿ ಕೊಂಡು ತಂದು ರೈತನ ವೇಷದಲ್ಲಿ ಕೂತುಬಿಡುತ್ತಾನೆ. ಬೇಲಿ ಬೇಕಾದದ್ದೇ.

ಆದರೆ ನಮ್ಮ ಕಡೆಯ ಹೋಬಳಿ ಸಂತೆಯನ್ನು ನೆನೆಸಿಕೊಂಡರೆ ಬೇರೆಯೇ ಚಿತ್ರ ಬರುತ್ತದೆ. ಅಲ್ಲಿ ಸೊಪ್ಪಿನವಳ ಪಕ್ಕ ಬಳೆಯವನು, ಬಳೆಯವನ ಪಕ್ಕ ಕುಡುಗೋಲು ಹದ ಮಾಡುವವನು, ಅದರಾಚೆ ಬಾಣಲೆ ಇಟ್ಟುಕೊಂಡು ಬೋಂಡ ಕರಿಯುವವಳು. ಅಜ್ಜಿ ಸಂತೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ನನಗೆ ಅದರ ಅರ್ಥ ಮಂಡಕ್ಕಿ, ಬೋಂಡ ಎಂದೇ. ಬೋಂಡದವಳನ್ನು ಯಾರೂ ‘ನಿನ್ನ ಪಹಣಿ ತೋರಿಸು’ ಎಂದು ಕೇಳಿರಲಾರರು. ಸಂತೆ ಎಂದರೆ ಹೊಟ್ಟೆಯೂ ಸೇರಿಯೇ. ನಾವು ನಗರದಲ್ಲಿ ಸಂತೆಯನ್ನು ಮತ್ತೆ ಕಟ್ಟುವಾಗ ಅದಕ್ಕೆ ಬೇಲಿ ಹಾಕಿದೆವು. ಹಾಕಬೇಕಾಗಿತ್ತು, ಸರಿ. ಗೇಟು ಎಲ್ಲಿಡಬೇಕು ಎಂದು ಮಾತ್ರ ಯೋಚಿಸಲಿಲ್ಲ.

ಯೋಚಿಸದವರಲ್ಲಿ ಮೊದಲನೆಯವನು ನಾನು. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಸಮಿತಿಯವರು ಎಲ್ಲ ಅಂಗಡಿಗಳನ್ನೂ ಮತ್ತೆ ನೋಂದಾಯಿಸೋಣ ಎಂದಾಗ ಮೊಬೈಲಿನಲ್ಲೇ ತುಂಬುವ ಒಂದು ಫಾರ್ಮ್ ಮಾಡಿಕೊಟ್ಟವನು ನಾನೇ. ಅರ್ಧ ಗಂಟೆಯ ಕೆಲಸ. ಹೆಸರು, ಊರು, ಬೆಳೆ, ಸಾತ್‌ಬಾರಾ ಉತಾರೆಯ ಫೋಟೊ. ಸಾತ್‌ಬಾರಾ ಅಂದರೆ 7/12, ನಮ್ಮ ಪಹಣಿ ಇದ್ದ ಹಾಗೆ. ಕೊನೆಯಲ್ಲಿ ‘ಜಮೀನು ಯಾರ ಹೆಸರಿನಲ್ಲಿದೆ?’ ಎಂಬ ಪ್ರಶ್ನೆ. ಅದನ್ನು ತುಂಬದೆ ಮುಂದೆ ಹೋಗುವಂತಿಲ್ಲ. ಆರಿಸಿಕೊಳ್ಳಲು ಮೂರು ಉತ್ತರ ಕೊಟ್ಟಿದ್ದೆ: ಸ್ವಂತ, ತಂದೆ, ಗಂಡ. ಗಂಡ ಎಂದು ಸೇರಿಸಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ, ಮಹಿಳೆಯರನ್ನು ಮರೆತಿಲ್ಲ ಎಂದು.

ರೊಟ್ಟಿ ಅಕ್ಕನ ಜಮೀನು ಇನ್ನೂ ಬದುಕಿರುವ, ಗಟ್ಟಿಯಾಗಿಯೇ ಇರುವ ಮಾವನ ಹೆಸರಿನಲ್ಲಿತ್ತು. ನನ್ನ ಪಟ್ಟಿಯಲ್ಲಿ ಮಾವ ಇರಲಿಲ್ಲ.

ಸಭೆ ನಡೆದದ್ದು ಒಂದು ಶನಿವಾರ ಸಂಜೆ, ಕ್ಲಬ್‌ಹೌಸಿನಲ್ಲಿ. ಕಾರ್ಯದರ್ಶಿಗಳು ನಾನು ಮಾಡಿದ್ದ ಪಟ್ಟಿಯನ್ನೇ ಗೋಡೆಗೆ ಹಾಕಿ ತೋರಿಸಿದರು. ಇಪ್ಪತ್ತೈದು ಸಾಲು ಹಸಿರು, ಒಂದು ಕೆಂಪು. ‘ನಿಯಮ ಎಂದರೆ ನಿಯಮ’ ಎಂದರು. ಸಮಿತಿಯ ಒಬ್ಬರು, ‘ಗಂಡನ ಹೆಸರಿನಲ್ಲಿ ನೋಂದಾಯಿಸಿ, ಅವನ ತಂದೆಯ ಜಮೀನಲ್ಲವೇ?’ ಎಂದು ಸಲಹೆ ಕೊಟ್ಟರು. ಆದರೆ ನೋಂದಾಯಿಸಿದವರೇ ಬಂದು ಕೂರಬೇಕು ಎಂಬ ಇನ್ನೊಂದು ನಿಯಮವಿತ್ತು. ಗಂಡನಿಗೆ ಭಾನುವಾರವೂ ಡ್ಯೂಟಿ. ಹನ್ನೆರಡು ವರ್ಷದಿಂದ ಹೊಲಕ್ಕೆ ಕಾಲಿಡದ, ಸ್ಟೀರಿಂಗ್ ಹಿಡಿಯುವ ಆ ಮನುಷ್ಯ ನಮ್ಮ ಪಟ್ಟಿಯ ಪ್ರಕಾರ ರೈತ. ವರ್ಷಕ್ಕೆ ಎರಡು ಸಲ ಹೋಗಿ ಬಿತ್ತಿ, ಕೊಯ್ದು ಬರುವ ಹೆಂಡತಿ ಅಲ್ಲ.

ಆಗ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, ನಗುತ್ತಲೇ, ‘ನಿಮ್ಮ ಕರ್ನಾಟಕದ ಹೆಂಗಸು, ನೀವೇ ಹೇಳಿ’ ಎಂದರು.

ನಾನು ಹೇಳಬೇಕಾದ್ದು ಎರಡು ಮಾತಿತ್ತು. ಒಂದು, ಆಕೆ ಕರ್ನಾಟಕದವರಲ್ಲ, ನಿಮ್ಮದೇ ಸೋಲಾಪುರದವರು. ಈ ಕೋಣೆಯಲ್ಲಿ ಹೊರಗಿನಿಂದ ಬಂದವನು ನಾನು. ಎರಡು, ಆ ಕೆಂಪು ಸಾಲು ಆಕೆಯ ತಪ್ಪಲ್ಲ, ನನ್ನ ಫಾರ್ಮಿನ ತಪ್ಪು. ಎರಡನ್ನೂ ಹೇಳಲಿಲ್ಲ. ‘ನಾನು ಮಾತಾಡಿದರೆ ಪಕ್ಷಪಾತ ಎನ್ನುತ್ತೀರಿ, ನನ್ನನ್ನು ಬಿಡಿ’ ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರು ಮತ ವಿರುದ್ಧ, ಒಂದು ಪರ, ಒಬ್ಬ ತಟಸ್ಥ. ತಟಸ್ಥ ಯಾರು ಎಂದು ಹೇಳಬೇಕಾಗಿಲ್ಲ.

ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ. ಇಲ್ಲಿ ನನಗೆ ಯಾರೂ ಕೆಟ್ಟದ್ದು ಮಾಡಿಲ್ಲ. ಆದರೂ ಒಂದು ಅಭ್ಯಾಸ ಮೈಗೂಡಿದೆ. ‘ನಿಮ್ಮವರು’ ಎಂಬ ಮಾತು ಬಂದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯುವುದು. ಅದನ್ನು ನಾನು ಸಭ್ಯತೆ ಎಂದುಕೊಂಡಿದ್ದೆ. ನಿಮ್ಮಲ್ಲೂ ಕೆಲವರಿಗೆ ಈ ಅಭ್ಯಾಸ ಇರಬಹುದು. ಇದರ ಬೆಲೆಯನ್ನು ನಾವು ಕೊಡುವುದು ಕಡಿಮೆ. ಬೇರೆ ಯಾರೋ ಕೊಡುತ್ತಾರೆ ಎನ್ನುವುದು ನನಗೆ ಹೊಳೆದದ್ದು ಆಮೇಲೆ.

ಮುಂದಿನ ಆರು ಭಾನುವಾರ ರೊಟ್ಟಿ ಇರಲಿಲ್ಲ. ಸಂತೆ ಮುಳುಗಿಹೋಯಿತು ಎಂದರೆ ಸುಳ್ಳಾಗುತ್ತದೆ. ಜನ ಕಡಿಮೆಯಾದರು, ಆದರೆ ಬಂದವರು ನಿಧಾನವಾಗಿ ಆರಿಸಿ ಕೊಂಡರು. ಸೊಪ್ಪಿನ ಮಾವಶಿಯ ಸೊಪ್ಪು ಹತ್ತು ಗಂಟೆಯೊಳಗೆ ಹೋಯಿತು. ಟೊಮೆಟೊದವರ ಮುಖ ಸಪ್ಪಗಾಯಿತು. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ರೊಟ್ಟಿ ತಿಂದು ಹೋಗುವಾಗ ಒಂದು ಕಿಲೊ ಕೊಳ್ಳುತ್ತಿದ್ದವರು. ಮಾರುವವರು ಬೆಳಗಿನ ಹೊಟ್ಟೆಗೆ ಬಿಸ್ಕತ್ತು ತಿನ್ನತೊಡಗಿದರು. ಅಂಕಿ ಹಿಡಿದು ನೋಡಿದರೆ ಎರಡೂ ಪಕ್ಷಕ್ಕೆ ‘ನೋಡಿದಿರಾ, ನಾನು ಹೇಳಿರಲಿಲ್ಲವೇ’ ಎನ್ನಲು ಸಾಕಷ್ಟು ಇತ್ತು.

ನಾಲ್ಕನೆಯ ವಾರ ಮಗನನ್ನು ಕರೆದುಕೊಂಡು ಅಕ್ಕನ ಮನೆ ಹುಡುಕಿಕೊಂಡು ಹೋದೆ. ಒಂದು ಕೋಣೆಯ ಮನೆ, ಬಾಗಿಲ ಪಕ್ಕ ಹಿಟ್ಟಿನ ಚೀಲ. ಕಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರು. ‘ಬರ್ರಿ ಅಣ್ಣಾರ’ ಎಂದು ಕರೆದು ನೀರು ಕೊಟ್ಟರು. ಗೋಡೆಯ ಮೇಲೆ ಆಹಾರ ಸುರಕ್ಷತಾ ನೋಂದಣಿಯ ಕಾಗದವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಸಣ್ಣ ವ್ಯಾಪಾರದವರಿಗೆ ವರ್ಷಕ್ಕೆ ನೂರು ರೂಪಾಯಿ ಶುಲ್ಕದ ನೋಂದಣಿ ಅದು. ಎರಡು ವರ್ಷದ ಹಿಂದೆ ನಾನೇ ಹೇಳಿದ್ದೆ, ಅವರು ಮಾಡಿಸಿದ್ದರು.

‘ಕಾಗದ ಕೇಳಿದ್ರಿ, ಮಾಡಿಸ್ದೆ. ಜಮೀನಿನ ಕಾಗದ ಎಲ್ಲಿಂದ ತರ್ಲಿ?’ ಎಂದರು. ಸಿಟ್ಟಿರಲಿಲ್ಲ. ‘ಟಮಾಟಿ ಹುಡುಗ ಅವರಪ್ಪನ ಉತಾರಾ ತೋರ್ಸ್ತಾನ, ನಡೀತದ. ಅಪ್ಪನ ಹೆಸರೀಲೆ ಇದ್ರ ಮಗಂದು. ಮಾವನ ಹೆಸರೀಲೆ ಇದ್ರ ಸೊಸೀದಲ್ಲ. ಕಳೆ ತೆಗ್ಯಾಕ ಮಾತ್ರ ಸೊಸಿ ಬೇಕು. ನಮ್ದು ಒಕ್ಕಲುತನದ ಮನೀರಿ ಅಣ್ಣಾರ, ನಾ ಮತ್ತೇನು?’

ಒಕ್ಕಲುತನ. ಎಷ್ಟು ದಿನವಾಗಿತ್ತು ಆ ಪದ ಕೇಳಿ! ನಾವು ರೈತ ಎನ್ನುತ್ತೇವೆ. ಆ ಪದ ಒಬ್ಬ ಗಂಡಸನ್ನು ಕಣ್ಣ ಮುಂದೆ ತರುತ್ತದೆ. ಹೆಂಗಸಿಗೆ ಹೇಳಬೇಕಾದರೆ ‘ರೈತ ಮಹಿಳೆ’ ಎಂದು ಬಾಲ ಕಟ್ಟಬೇಕು. ಒಕ್ಕಲು ಎಂದರೆ ಮನೆತನ, ಸಂಸಾರ. ಒಕ್ಕಲುತನ ಒಬ್ಬರ ಕಸುಬಲ್ಲ, ಇಡೀ ಮನೆಯದ್ದು. ಬಿತ್ತುವವನು, ಕಳೆ ಕೀಳುವವಳು, ದನ ನೋಡುವ ಮುದುಕ, ರೊಟ್ಟಿ ಬುತ್ತಿ ಹೊತ್ತು ತರುವ ಸೊಸೆ ಎಲ್ಲರೂ ಅದರೊಳಗೆ. ನನ್ನ ಫಾರ್ಮು ಕೇಳಿದ್ದು ಜಮೀನು ಯಾರ ಹೆಸರಿನಲ್ಲಿದೆ ಎಂದು. ಹೊಲದಲ್ಲಿ ಯಾರಿದ್ದಾರೆ ಎಂದು ಕೇಳಿರಲಿಲ್ಲ.

ಇದು ಅಕ್ಕನೊಬ್ಬರ ಕಥೆಯಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಸುಮಾರು ಶೇ. 14. ಹೊಲಗಳಲ್ಲಿ ಬಗ್ಗಿ ಕೆಲಸ ಮಾಡುವವರನ್ನು ನೋಡಿದ ಯಾರಿಗಾದರೂ ಈ ಅಂಕಿ ವಿಚಿತ್ರವೆನಿಸುತ್ತದೆ. 2007ರ ರಾಷ್ಟ್ರೀಯ ರೈತ ನೀತಿ ರೈತ ಎಂಬುದಕ್ಕೆ ವಿಶಾಲ ಅರ್ಥ ಕೊಟ್ಟಿತು. ಗೇಣಿದಾರರು, ಕೃಷಿ ಕೂಲಿಗಳು ಕೂಡ ಅದರಲ್ಲಿ ಬರುತ್ತಾರೆ. ಎಂ.ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿ ರೈತ ಮಹಿಳೆಯರ ಹಕ್ಕುಗಳಿಗಾಗಿ ಖಾಸಗಿ ಮಸೂದೆಯನ್ನೇ ತಂದರು. ಅದು ಕಾಯ್ದೆಯಾಗಲಿಲ್ಲ. ಇದೇ ಮಹಾರಾಷ್ಟ್ರದಲ್ಲಿ ಶರದ್ ಜೋಶಿಯವರ ಶೇತಕರಿ ಸಂಘಟನೆ ‘ಲಕ್ಷ್ಮೀ ಮುಕ್ತಿ’ ಎಂದು ಚಳವಳಿ ನಡೆಸಿ, ಹೆಂಡತಿಯ ಹೆಸರಿಗೆ ಒಂದಿಷ್ಟು ಜಮೀನು ಮಾಡಿಸಿ ಎಂದು ಗಂಡಸರನ್ನು ಒಪ್ಪಿಸುತ್ತಿತ್ತು. ಇಷ್ಟೆಲ್ಲ ನಡೆದ ನೆಲದಲ್ಲಿ, ಅರ್ಧ ಗಂಟೆಯಲ್ಲಿ, ಲ್ಯಾಪ್‌ಟಾಪಿನ ಮುಂದೆ ಕೂತು ನಾನು ರೈತ ಯಾರು ಎಂದು ತೀರ್ಮಾನ ಮಾಡಿಬಿಟ್ಟಿದ್ದೆ.

ಹೊರಡುವಾಗ ಅಕ್ಕ ಕೇಳಿದರು, ‘ಸಭಾದಾಗ ನೀವೂ ಇದ್ರೇನ್ರಿ ಅಣ್ಣಾರ?’

‘ಇದ್ದೆ.’

‘ಏನಂದ್ರಿ?’

‘ಏನೂ ಅನ್ನಲಿಲ್ಲ ಅಕ್ಕಾ.’

ಅವರು ತಲೆಯಾಡಿಸಿದರು. ಹತ್ತು ಕಡಕ್ ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟರು. ದುಡ್ಡು ಕೊಟ್ಟೆ, ಎಣಿಸಿ ತೆಗೆದುಕೊಂಡರು. ಯಾವತ್ತೂ ಮಗನ ಕೈಗೆ ಒಂದು ರೊಟ್ಟಿ ಹೆಚ್ಚಿಗೆ ಇಡುತ್ತಿದ್ದವರು ಅಂದು ಇಡಲಿಲ್ಲ.

ಆ ರಾತ್ರಿ ಫಾರ್ಮ್ ತೆರೆದು ಮೂರು ಉತ್ತರಗಳ ಕೆಳಗೆ ನಾಲ್ಕನೆಯದು ಸೇರಿಸಿದೆ: ‘ಅತ್ತೆ ಅಥವಾ ಮಾವ’. ಐದನೆಯದು: ‘ಗೇಣಿ’. ಎರಡು ನಿಮಿಷ ಹಿಡಿಯಿತು. ಆದರೆ ಫಾರ್ಮ್ ಬದಲಿಸಿದರೆ ನಿಯಮ ಬದಲಾದ ಹಾಗಲ್ಲ. ಸಮಿತಿ ಒಪ್ಪಬೇಕು. ಮತ್ತೆ ಸಭೆ ಕರೆಯಿರಿ ಎಂದು ಕೇಳಿಕೊಂಡೆ. ಈ ಸಲ ದೂರು ಕೊಟ್ಟವರನ್ನೂ ಕರೆಯೋಣ ಎಂದೆ. ಮೊದಲ ಸಭೆಯಲ್ಲಿ ಸೊಪ್ಪಿನ ಮಾವಶಿಯೂ ಇರಲಿಲ್ಲ, ರೊಟ್ಟಿ ಅಕ್ಕನೂ ಇರಲಿಲ್ಲ. ಇಬ್ಬರ ವಿಷಯ, ಐವರು ಗಂಡಸರ ಸಭೆ.

ಎರಡನೆಯ ಸಭೆಯಲ್ಲಿ ಎದ್ದು ನಿಂತು, ನನ್ನ ಒರಟು ಮರಾಠಿಯಲ್ಲಿ, ಅಂದು ನುಂಗಿಕೊಂಡಿದ್ದ ಎರಡೂ ಮಾತು ಹೇಳಿದೆ. ಆಕೆ ಸೋಲಾಪುರದವರು, ಹೊರಗಿನವನು ನಾನು. ತಪ್ಪು ಫಾರ್ಮಿನದು, ಫಾರ್ಮು ನನ್ನದು. ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕಲಕೋಟೆಯವರಾ? ನಾವು ಪ್ರತಿವರ್ಷ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗುತ್ತೇವಲ್ಲ!’ ಎಂದರು. ಅವರು ಕೆಟ್ಟವರಲ್ಲ. ಆಕೆಯನ್ನು ಯಾವ ಊರಿನವರು ಎಂದು ಕೇಳಿರಲಿಲ್ಲ, ಅಷ್ಟೆ. ಮೊದಲೇ ಹೇಳಬಹುದಾಗಿದ್ದ ನಾನು ಹೇಳಿರಲಿಲ್ಲ.

ಆದರೆ ಜಗಳ ಬಿಡಿಸಿದ್ದು ನನ್ನ ಭಾಷಣವಲ್ಲ, ಸೊಪ್ಪಿನ ಮಾವಶಿ. ‘ನನ್ನ ತಕರಾರು ಸಾಲಿನ ಮೇಲೆ. ಆಕೆಯನ್ನು ತೆಗೆಯಿರಿ ಎಂದು ನಾನು ಯಾವಾಗ ಹೇಳಿದೆ?’ ಎಂದು ಸಮಿತಿಯವರನ್ನೇ ತರಾಟೆಗೆ ತೆಗೆದುಕೊಂಡರು. ‘ಗೇಟಿನ ಪಕ್ಕ ಕೂರಿಸಿ. ಸಾಲು ಗೋಡೆಯ ಉದ್ದಕ್ಕೂ ನಿಲ್ಲಲಿ. ನನ್ನ ಮುಂದೆ ಜಾಗ ಬಿಡಲಿ. ಮುಗಿಯಿತಲ್ಲ!’ ಆರು ವಾರದ ಹಿಂದೆ ಕೇಳಿದ್ದರೆ ಆಗಲೂ ಇದನ್ನೇ ಹೇಳುತ್ತಿದ್ದರು.

ಎಲ್ಲವೂ ಮೊದಲಿನಂತಾಯಿತು ಎಂದುಕೊಳ್ಳಬೇಡಿ. ಹೊಸ ನಿಯಮದ ಪ್ರಕಾರ ಸ್ವಂತ ಹೊಲದ ಬೆಳೆಯಿಂದ ಮಾಡಿದ ತಿನಿಸಿಗೆ ಮೂರು ಅಂಗಡಿ ಮಾತ್ರ. ಜಮೀನು ಮನೆಯ ಯಾರ ಹೆಸರಿನಲ್ಲಿದ್ದರೂ ಸರಿ. ಆದರೆ ಸಂತೆಯೊಳಗೆ ಒಲೆ ಇಲ್ಲ, ಸಿಲಿಂಡರ್ ಇಲ್ಲ. ಈ ಮಾತಿಗೆ ನಾನೂ ಕೈಯೆತ್ತಿದೆ, ಏಕೆಂದರೆ ಅದು ಸರಿಯಾದ ಮಾತು. ಈಗ ಅಕ್ಕ ಬೆಳಗಿನ ಜಾವ ಮೂರಕ್ಕೆ ಎದ್ದು ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿ ತರುತ್ತಾರೆ. ಜೊತೆಗೆ ಜೋಳದ ಹಿಟ್ಟು, ಶೇಂಗಾ ಹಿಂಡಿ, ಕಡಕ್ ರೊಟ್ಟಿಯ ಕಟ್ಟು. ಕಣ್ಣೆದುರೇ ಉಬ್ಬುತ್ತಿದ್ದ ರೊಟ್ಟಿ ಹೋಯಿತು. ಸಾಲು ಅರ್ಧಕ್ಕರ್ಧ ಕಡಿಮೆಯಾಯಿತು. ‘ಹಿಟ್ಟು ಜಾಸ್ತಿ ಹೋಗ್ತದ್ರಿ, ರೊಟ್ಟಿ ಕಮ್ಮಿ’ ಎನ್ನುತ್ತಾರೆ ಅಕ್ಕ. ಗಳಿಕೆ ಮೊದಲಿನಷ್ಟಿದೆಯೇ ಎಂದು ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ. ಮಗನ ಕೈಗೆ ಹೆಚ್ಚಿನ ರೊಟ್ಟಿ ಮಾತ್ರ ಮತ್ತೆ ಬೀಳತೊಡಗಿದೆ.

ನೀವಿರುವ ಊರಿನಲ್ಲೂ ಇಂಥ ಸಂತೆಗಳಿರಬಹುದು, ಇಂಥ ಸಮಿತಿಗಳಿರಬಹುದು. ಲೆಕ್ಕಪಟ್ಟಿ ನೋಡಿಕೊಳ್ಳಿ ಎಂದು ನಮ್ಮಂಥವರನ್ನೇ ಕೂರಿಸಿರಬಹುದು. ಫಾರ್ಮ್ ಮಾಡುವ ಮೊದಲು ಒಂದು ಸುತ್ತು ಹಾಕಿ, ಮೇಜಿನ ಹಿಂದೆ ನಿಂತವರನ್ನು ಮಾತಾಡಿಸಿ ಬನ್ನಿ ಎಂಬುದಷ್ಟೇ ನನ್ನ ಅನುಭವದ ಮಾತು.

ಕಳೆದ ಎರಡು ಭಾನುವಾರ ಗೇಟಿನ ಪಕ್ಕದ ಜಾಗ ಖಾಲಿ ಇತ್ತು. ಕಾರ್ಯದರ್ಶಿಗಳು ಕೈಚೀಲ ಹಿಡಿದು ಅತ್ತಿತ್ತ ನೋಡಿ, ನನ್ನ ಹತ್ತಿರ ಬಂದು, ‘ರೊಟ್ಟಿ ಎಲ್ಲಿ? ಮತ್ತೆ ಯಾರಾದರೂ ತಕರಾರು ಮಾಡಿದರಾ?’ ಎಂದು ಕೇಳಿದರು.

‘ಇಲ್ಲ, ಊರಿಗೆ ಹೋಗಿದ್ದಾರೆ. ಜೋಳ ಕೊಯ್ಲಿಗೆ ಬಂದಿದೆ’ ಎಂದೆ.